ಹೆಸರುಗಳ ಪಟ್ಟಿ ಸಾಕು, ಪಿಟೀಲು ಕೇಳಿಸಲಿ

ಪ್ರಿಯ ಲೇಖಕರೇ,

ಪಿಟೀಲು ವಾದಕ ಎಲ್. ಶಂಕರ್ ಬಗ್ಗೆ ನೀವು ಕಳಿಸಿದ ‘ಗಡಿ ದಾಟಿದ ಕಮಾನು’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದವಿದೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವಂಥ ಬರಹವೂ ಅಲ್ಲ. ವಿಷಯ ಗಟ್ಟಿಯಾಗಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ‘ಸಂಗೀತಕ್ಕೆ ಗಡಿಯಿಲ್ಲ ಎಂದು ಸಾರಿದ ಮಾಂತ್ರಿಕ’ ಎಂಬ ಮಾತನ್ನು ಯಾವ ಕಲಾವಿದರ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ? ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪ್ಯಾರಾದಲ್ಲಿ, ಶ್ರೀಲಂಕಾದ ಜಾಫ್ನಾದಲ್ಲಿ. ತಂದೆ ವಿ. ಲಕ್ಷ್ಮೀನಾರಾಯಣ ಅಲ್ಲಿ ಸಂಗೀತದ ಮೇಷ್ಟ್ರು. 1958ರಲ್ಲಿ ಅಲ್ಲಿ ತಮಿಳರ ವಿರುದ್ಧ ಗಲಭೆಯಾದ ಮೇಲೆ ಮನೆಮಂದಿ ಮದರಾಸಿಗೆ ಬಂದರು. ಪಿಟೀಲು ಬರೀ ಪಕ್ಕವಾದ್ಯವಾಗಿ ಉಳಿಯಬಾರದು, ತಾನೇ ಕಛೇರಿ ನಡೆಸಬೇಕು ಎನ್ನುವುದು ಆ ತಂದೆಯ ಹಟ. ನೀವು ಇದನ್ನು ಒಂದೇ ಸಾಲಿನಲ್ಲಿ ಹೇಳಿ ಅಮೆರಿಕಕ್ಕೆ ಓಡಿದ್ದೀರಿ. ನಿಲ್ಲಬೇಕಾದ ಜಾಗ ಇದು.

ಪಕ್ಕವಾದ್ಯದವರ ಕೆಲಸ ಏನು ಅಂತ ಓದುಗರಿಗೆ ತೋರಿಸಿ. ಗಾಯಕರು ಹಾಡಿದ್ದನ್ನು ಅರೆಕ್ಷಣ ಹಿಂದೆ ಹಿಡಿಯಬೇಕು. ಅವರು ರಾಗ ಬಿಟ್ಟುಕೊಟ್ಟಾಗ ನುಡಿಸಬೇಕು, ಆದರೆ ಅವರನ್ನು ಮೀರಬಾರದು. ಆ ಜಾಗದಿಂದ ಎದ್ದು ವೇದಿಕೆಯ ನಡುವೆ ಬಂದು ಕೂರುವುದೇ ಈ ಮನೆಯವರ ಮೊದಲ ದಾಟುವಿಕೆ. ರಾಕ್, ಪಾಪ್ ಎಲ್ಲಾ ಆಮೇಲಿನದು.

ಇನ್ನು ನಡುವಿನ ಭಾಗ. ಪಾಶ್ಚಾತ್ಯ ಜಾಜ್, ರಾಕ್, ಪಾಪ್ ಲೋಕದ ಹೆಸರುಗಳೇ ಹೆಸರುಗಳು: ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಫ್ರಾಂಕ್ ಜಾಪಾ, ಫಿಲ್ ಕಾಲಿನ್ಸ್, ಟಾಕಿಂಗ್ ಹೆಡ್ಸ್, ಪೀಟರ್ ಗೇಬ್ರಿಯಲ್. ಮದುವೆ ಆರತಕ್ಷತೆಗೆ ಬಂದ ಗಣ್ಯರ ಹೆಸರನ್ನು ಮೈಕಿನಲ್ಲಿ ಕೂಗಿದ ಹಾಗಿದೆ. ಶಂಕರ್ ಯಾರ ಪಕ್ಕ ನಿಂತರು ಅಂತ ಗೊತ್ತಾಯಿತು. ಏನು ನುಡಿಸಿದರು ಅಂತ ಗೊತ್ತಾಗಲಿಲ್ಲ.

ಶಂಕರ್ ಮತ್ತು ಮೆಕ್‌ಲಾಫ್ಲಿನ್ ಜೊತೆಯಾಗಿ ನುಡಿಸಿದ ‘ಶಕ್ತಿ’ ತಂಡವನ್ನೇ ನೋಡಿ. ‘ಶಂಕರ್ ಪಾಶ್ಚಾತ್ಯ ಸಂಗೀತಕ್ಕೆ ಹಾರಿದರು’ ಅಂತ ಬರೆದಿದ್ದೀರಿ. ನನಗೆ ಇದು ಉಲ್ಟಾ ಕಾಣುತ್ತದೆ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಮೆಕ್‌ಲಾಫ್ಲಿನ್ ಕರ್ನಾಟಕ ಸಂಗೀತದ ವಿದ್ವಾಂಸ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತರು. ಆಗ ಶಂಕರ್ ಕೂಡ ಅಲ್ಲೇ ಇದ್ದರು. ‘ಶಕ್ತಿ’ಗಾಗಿ ಮೆಕ್‌ಲಾಫ್ಲಿನ್ ತಮ್ಮ ಗಿಟಾರಿನ ಮೆಟ್ಟುಗಳ ನಡುವಿನ ಮರವನ್ನು ತಗ್ಗಾಗಿ ಕೆತ್ತಿಸಿದರು, ತಂತಿ ಎಳೆದರೆ ವೀಣೆಯ ಥರ ಗಮಕ, ಅಂದರೆ ಸ್ವರದ ಓಲಾಟ, ಬರಲಿ ಅಂತ. ಶ್ರುತಿಗಾಗಿ ಬೇರೆ ತಂತಿಗಳನ್ನು ಅಡ್ಡಲಾಗಿ ಹಾಕಿಸಿದರು. ಜೊತೆಗೆ ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. ಇಲ್ಲಿ ಮೈ ಬದಲಿಸಿಕೊಂಡದ್ದು ಗಿಟಾರು. ಪಿಟೀಲು ಕೂತಲ್ಲೇ ಕೂತಿತ್ತು.

ನಿಜವಾದ ಪಾಪ್ ದಾಟುವಿಕೆ ಅಂದರೆ 1979ರಲ್ಲಿ ಜಾಪಾ ನಿರ್ಮಿಸಿದ ‘ಟಚ್ ಮಿ ದೇರ್’. ಅದರ ಮರುವರ್ಷವೇ ಎರಡು ಸಂಗತಿ ನಡೆದವು. ಒಂದು, ಜೋಡಿ ಪಿಟೀಲು: ಎರಡು ಕತ್ತು, ಹತ್ತು ತಂತಿ, ವಿದ್ಯುತ್ ವಾದ್ಯ. ಕಲ್ಪನೆ ಶಂಕರ್ ಅವರದು, ಕಟ್ಟಿದವರು ಗಿಟಾರು ತಯಾರಕ ಕೆನ್ ಪಾರ್ಕರ್. ಡಬಲ್ ಬಾಸ್‌ನ ಆಳದಿಂದ ಪಿಟೀಲಿನ ಮೇಲಿನ ಸ್ಥಾಯಿಯವರೆಗೆ ಒಬ್ಬರೇ ನುಡಿಸಬಹುದು. ಎರಡು, ಅದೇ ಹೊಸ ವಾದ್ಯದಲ್ಲಿ ಅವರು ಕರ್ನಾಟಕ ಕಛೇರಿಯ ವಿಸ್ತಾರವಾದ ಪ್ರಕಾರವಾದ ರಾಗ ತಾನ ಪಲ್ಲವಿಯನ್ನು ಧ್ವನಿಮುದ್ರಣ ಮಾಡಿದರು. ‘ಹೂಸ್ ಟು ನೋ’ ಅಂತ ಅದರ ಹೆಸರು. ಮೃದಂಗಕ್ಕೆ ಉಮಯಾಳಪುರಂ ಶಿವರಾಮನ್, ತಬಲಾಕ್ಕೆ ಜಾಕಿರ್. ತಾಳ ಹಾಕಿದವರು ಯಾರು ಗೊತ್ತಾ? ತಂದೆ ಲಕ್ಷ್ಮೀನಾರಾಯಣ. ರಾಕ್ ಆಲ್ಬಮ್ ಮಾಡಿ ಬಂದ ಮಗ, ಅಮೆರಿಕದ ವಿದ್ಯುತ್ ಪಿಟೀಲು, ಪಕ್ಕದಲ್ಲಿ ತೊಡೆ ತಟ್ಟುತ್ತಾ ತಾಳ ಕಾಯುವ ಅಪ್ಪ. ಇಷ್ಟು ದೊಡ್ಡ ಸಂಗತಿಯನ್ನು ನೀವು ‘ಇತರ ಆಲ್ಬಮ್‌ಗಳು’ ಅಂತ ಕೊನೆಗೆ ತಳ್ಳಿದ್ದೀರಿ! ಇದಕ್ಕೆ ಕನಿಷ್ಠ ಎರಡು ಪ್ಯಾರಾ ಕೊಡಿ. ಕೂತು ಕೇಳಿ, ಕೆಳಗಿನ ತಂತಿಯಲ್ಲಿ ಗಮಕ ಹೇಗೆ ಕೇಳುತ್ತದೆ ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ.

ಶಂಕರ್ ಅವರದೇ ‘ದಿ ಎಪಿಡೆಮಿಕ್ಸ್’ ತಂಡದ ಪಾಪ್ ಹಾಡುಗಳನ್ನು ‘ಅದ್ಭುತ’ ಅಂದಿದ್ದೀರಿ. ನನಗೆ ರುಚಿಸಲಿಲ್ಲ. ನಿಮಗೆ ನಿಜವಾಗಿ ಇಷ್ಟವಾಗಿದ್ದರೆ ಯಾಕೆ ಅಂತ ಹೇಳಿ, ನಾನು ಅಡ್ಡ ಬರುವುದಿಲ್ಲ. ಎಲ್ಲವನ್ನೂ ಹೊಗಳಿದರೆ ಯಾವ ಹೊಗಳಿಕೆಗೂ ಬೆಲೆ ಇರುವುದಿಲ್ಲ.

ಒಂದು ತಪ್ಪು ಸರಿಪಡಿಸಿ. ‘ಪ್ಯಾಷನ್’ ಆಲ್ಬಮ್‌ನಲ್ಲಿ ಶಂಕರ್ ನುಡಿಸಿದ್ದು ನಿಜ, ಆದರೆ ಅದಕ್ಕೆ ಬಂದ ಗ್ರ್ಯಾಮಿ ಪೀಟರ್ ಗೇಬ್ರಿಯಲ್ ಹೆಸರಿನಲ್ಲಿದೆ, ಶಂಕರ್ ಹೆಸರಿನಲ್ಲಲ್ಲ. ಹಾಗೆಯೇ ‘ಮಡಿವಂತರು ಅವರನ್ನು ದೂರ ಇಟ್ಟರು’ ಅನ್ನುವ ಸಾಲು. ಯಾರು? ಯಾವಾಗ? ಯಾವ ಸಂಗೀತ ಸಭಾ? ಉತ್ತರ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಹೊಡೆದುಹಾಕಿ. ಸುಮ್ನೆ ಒಬ್ಬ ವಿಲನ್ ಬೇಕು ಅಂತ ಮಡಿವಂತರನ್ನು ಕರೆತರಬೇಡಿ.

ಕೊನೆಗೆ, ನೀವು ಪೂರ್ತಿ ಮರೆತ ಒಂದು ಹೆಸರು: ಅಣ್ಣ ಎಲ್. ವೈದ್ಯನಾಥನ್. ಅವರೂ ಅದೇ ಮನೆಯಲ್ಲಿ, ಅದೇ ತಂದೆಯ ಹತ್ತಿರ ಪಿಟೀಲು ಕಲಿತವರು. ಜನಪ್ರಿಯ ಸಂಗೀತಕ್ಕೆ ಅವರೂ ಬಂದರು, ಆದರೆ ಸಿನಿಮಾ ದಾರಿಯಲ್ಲಿ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನ ‘ತಾನಾನಾ’ ಅವರದೇ ಸಂಗೀತ. ‘ಅಪರಿಚಿತ’ ಸಿನಿಮಾದ ಹಾಡುಗಳೂ ಅವರವೇ. 1987ರ ‘ಪುಷ್ಪಕ ವಿಮಾನ’ಕ್ಕೂ ಅವರದೇ ಸಂಗೀತ. ಅದರಲ್ಲಿ ಮಾತೇ ಇಲ್ಲ, ಹಾಗಾಗಿ ಹಿನ್ನೆಲೆ ಸಂಗೀತದ ಮೇಲೆ ಎಷ್ಟು ಭಾರ ಬಿದ್ದಿರಬೇಕು ಯೋಚಿಸಿ. ನಮ್ಮ ಓದುಗರಲ್ಲಿ ಜಾಪಾ ಹೆಸರು ಕೇಳದವರು ತುಂಬಾ ಜನ ಇರುತ್ತಾರೆ, ಆ ‘ತಾನಾನಾ’ ಕೇಳದವರು ಸಿಗುವುದು ಕಷ್ಟ. ತಮ್ಮನ ಕಥೆಗೆ ಅಣ್ಣನ ಕಡೆಯಿಂದ ಬಾಗಿಲು ತೆರೆದು ನೋಡಿ. ಇಬ್ಬರನ್ನೂ ಹೋಲಿಸಿ ತೀರ್ಪು ಕೊಡಬೇಕಾಗಿಲ್ಲ.

ತಿದ್ದಿದ ಪ್ರತಿ 1,200 ಪದ ಮೀರದಿರಲಿ. ಯೂನಿಕೋಡ್‌ನಲ್ಲಿ ಕಳಿಸಿ. ಅಂತರ್ಜಾಲದಿಂದ ಇಳಿಸಿದ ಫೋಟೋ ಬೇಡ, ಹಕ್ಕಿನ ತಕರಾರು ಬರುತ್ತದೆ. ಚಿತ್ರದ ವ್ಯವಸ್ಥೆ ನಾವೇ ಮಾಡಿಕೊಳ್ಳುತ್ತೇವೆ.

ಇಂತಿ,
ಸಂಪಾದಕ