ಹಳೆಯ ಕಾರ್ನಿಷ್‌ವೇರ್ ಜಾಡಿ ಅಸಲಿಯೇ ಅಂತ ಗುರುತಿಸುವುದು ಹೇಗೆ?

ಈ ನೀಲಿ-ಬಿಳಿ ಪಟ್ಟೆಯ ಇಂಗ್ಲಿಷ್ ಅಡುಗೆಮನೆ ಜಾಡಿಯನ್ನು ಮೊದಲು ಬೆರಳಿನಿಂದ ಸವರಿ ನೋಡಿ. ಡರ್ಬಿಷೈರ್‌ನ ಚರ್ಚ್ ಗ್ರೆಸ್ಲಿಯಲ್ಲಿ ಟಿ. ಜಿ. ಗ್ರೀನ್ ಕಂಪನಿ 1920ರ ದಶಕದಿಂದ ಇವನ್ನು ಮಾಡುತ್ತಿತ್ತು. ಪಟ್ಟೆ ಸುಮ್ನೆ ಬಳಿದ ಬಣ್ಣವಲ್ಲ. ಜಾಡಿಗೆ ನೀಲಿ ಮಣ್ಣಿನ ತಿಳಿ ಹಚ್ಚಿ, ಲೇತ್ ಅನ್ನುವ ತಿರುಗುವ ಯಂತ್ರದ ಮೇಲೆ ತಿರುಗಿಸುತ್ತಾ ಅಲ್ಲಲ್ಲಿ ಕೆರೆದು ತೆಗೆಯುತ್ತಿದ್ದರು. ಆಗ ಒಳಗಿನ ಬಿಳಿ ಕಾಣುತ್ತದೆ, ನೀಲಿ ಪಟ್ಟೆ ಸ್ವಲ್ಪ ಉಬ್ಬಿ ನಿಂತು ಬೆರಳಿಗೆ ತಾಗುತ್ತದೆ. ಎಷ್ಟು ಚೆಂದದ ಕೈಕೆಲಸ ಅಲ್ವಾ!

ಮೋಸ ಜಾಸ್ತಿ ನಡೆಯುವುದು ಅಕ್ಷರಗಳಲ್ಲಿ. ಹಿಟ್ಟು, ಸಕ್ಕರೆ, ಟೀ ಅಂತ ಬರೆದ ಜಾಡಿಗಳು ಸುಲಭವಾಗಿ ಸಿಗುತ್ತವೆ. ಅಪರೂಪದ ಹೆಸರಿಗೆ ಬೆಲೆ ಹೆಚ್ಚು. ಅದಕ್ಕೇ ಹೆಸರಿಲ್ಲದ ಹಳೆಯ ಜಾಡಿಗೆ ಆಮೇಲೆ ಅಕ್ಷರ ಹಾಕಿ ಮಾರುವವರಿದ್ದಾರೆ. ಅಸಲಿ ಅಕ್ಷರ ಗ್ಲೇಜ್‌ನ, ಅಂದರೆ ಮೇಲಿನ ಗಾಜಿನಂಥ ಹೊಳಪು ಲೇಪದ, ಕೆಳಗಿರುತ್ತದೆ, ಉಗುರಿಗೆ ತಾಗುವುದಿಲ್ಲ.