ಯಕ್ಷಗಾನ, ಮದುವೆ ವಿಡಿಯೊ ಎಡಿಟಿಂಗ್‌ಗೆ ಹಳೆ ವರ್ಕ್‌ಸ್ಟೇಷನ್ ತೆಗೆದುಕೊಳ್ಳಲಾ, ಹೊಸ ಡೆಸ್ಕ್‌ಟಾಪ್ ತೆಗೆದುಕೊಳ್ಳಲಾ?

ಡೆಸ್ಕ್‌ಟಾಪ್ ತೆಗೆದುಕೊಳ್ಳಿ. ಇದು ನನ್ನ ಉತ್ತರ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕಂದರೆ ನೀವು ಕೇಳಿದ ಇದೇ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟುಕೊಂಡು ಎರಡು ವರ್ಷ ಅದರ ಜೊತೆ ಕೆಲಸ ಮಾಡಿದ್ದೇನೆ.

ನೀವು ಬರೆದದ್ದು ಇಷ್ಟು. ಉಡುಪಿಯಲ್ಲಿ ನಿಮ್ಮ ಎಡಿಟಿಂಗ್ ರೂಮು. ರಾತ್ರಿ ಇಡೀ ಯಕ್ಷಗಾನ ಆಟದ ರೆಕಾರ್ಡಿಂಗ್, ನಡುವೆ ಮದುವೆ, ಮೆಹಂದಿ. ಮೂರು ಕ್ಯಾಮೆರಾ, ಮೂರೂ 4ಕೆ. ಅಂಗಡಿಯವರು ಎರಡು ದಾರಿ ತೋರಿಸಿದ್ದಾರೆ. ಒಂದು, ಎರಡು ಝಿಯಾನ್ ಇ5-2680 ವಿ4 ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ (ಭಾರಿ ಲೆಕ್ಕಗಳಿಗೆ ಅಂತ ಮಾಡಿದ ಕಂಪ್ಯೂಟರ್), 128 ಜಿಬಿ ರ್ಯಾಮ್. ಇನ್ನೊಂದು, ಕೋರ್ ಐ7-14700 ಹಾಕಿದ ಹೊಸ ಡೆಸ್ಕ್‌ಟಾಪ್, 32 ಜಿಬಿ ರ್ಯಾಮ್. ನಿಮ್ಮ ಹತ್ತಿರ ಇರುವ ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡನ್ನೇ ಎರಡರಲ್ಲೂ ಹಾಕಬಹುದು. ಹಳೆಯದಕ್ಕೆ ಹೊಸದರ ಅರ್ಧದಷ್ಟೇ ಬೆಲೆ. "ಇದು ಸರ್ವರ್ ಕ್ಲಾಸ್, 28 ಕೋರ್, 56 ಥ್ರೆಡ್ ಉಂಟು" ಅಂತ ಹೇಳಿದ್ದಾರೆ.

ಅವರು ಹೇಳಿದ ಲೆಕ್ಕ ಸರಿಯೇ. ಕೋರ್ ಅಂದರೆ ಚಿಪ್ ಒಳಗೆ ಲೆಕ್ಕ ಮಾಡುವ ಘಟಕ, ಥ್ರೆಡ್ ಅಂದರೆ ಅದು ಒಂದೇ ಸಲಕ್ಕೆ ಹಿಡಿಯುವ ಕೆಲಸದ ಸಾಲು. ಒಂದೊಂದು ಚಿಪ್‌ನಲ್ಲಿ 14 ಕೋರ್, ಎರಡು ಸೇರಿ 28. ಐ7-14700ರಲ್ಲಿ 20 ಕೋರ್, ಅದರಲ್ಲೂ ದೊಡ್ಡವು 8, ಸಣ್ಣವು 12. ಥ್ರೆಡ್ 28. ಥ್ರೆಡ್ ಲೆಕ್ಕದಲ್ಲಿ ಕಾಗದದ ಮೇಲೆ ಹಳೆಯದು ದುಪ್ಪಟ್ಟು ದೊಡ್ಡದು. ನಾನೂ ಆ ಸಂಖ್ಯೆ ನೋಡಿಯೇ 2021ರಲ್ಲಿ ಮಂಗಳೂರಿನ ಒಂದು ಅಂಗಡಿಯಿಂದ ಅದೇ ತಲೆಮಾರಿನ ಎರಡು ಝಿಯಾನ್ ಇದ್ದ ಪೆಟ್ಟಿಗೆಯನ್ನು ಬಿಜೈಯ ಮನೆಗೆ ತಂದೆ. ಎತ್ತಿ ಮೇಜಿನ ಮೇಲೆ ಇಡಲು ಇಬ್ಬರು ಬೇಕಾಯಿತು.

ಮೊದಲ ಕೆಲಸ ಒಂದು ರೋಸ್ ಕಾರ್ಯಕ್ರಮದ್ದು, ಅಂದರೆ ಮಂಗಳೂರಿನ ಕ್ರೈಸ್ತರ ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಮೂರು ಕ್ಯಾಮೆರಾದ ಕ್ಲಿಪ್ ಟೈಮ್‌ಲೈನ್‌ಗೆ ಹಾಕಿ ಪ್ಲೇ ಒತ್ತಿದೆ. ತೆಂಗಿನ ಹಾಲು ಸುರಿಯುವ ಕೈ ಅರ್ಧದಲ್ಲಿ ನಿಂತಿತು. ಹಾಡು ಮುಂದೆ ಹೋಯಿತು, ಕೈ ಅಲ್ಲೇ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಸಿಪಿಯು ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿ, ಒಂದೊಂದು ಥ್ರೆಡ್‌ಗೂ ಒಂದೊಂದು ಚೌಕ ಬರುವ ಹಾಗೆ ಬದಲಾಯಿಸಿದೆ. 56 ಪುಟ್ಟ ಚೌಕಗಳು. ಎರಡು ಚೌಕ ಮೇಲಿನ ಅಂಚಿಗೆ ತಾಗಿ ನಿಂತಿದ್ದವು. ಇನ್ನೊಂದು ನಾಲ್ಕೈದು ಅರ್ಧ ಎತ್ತರ. ಉಳಿದವು ನೆಲಕ್ಕೆ ಅಂಟಿದ ಗೆರೆ. ಒಟ್ಟು ಬಳಕೆ ಶೇಕಡಾ 11 ಅಂತ ತೋರಿಸುತ್ತಿತ್ತು, ಆದರೂ ವಿಡಿಯೊ ತಡವರಿಸುತ್ತಿತ್ತು.

ನಿಮಗೆ ಇದನ್ನು ಹಿಮ್ಮೇಳದ ಲೆಕ್ಕದಲ್ಲಿ ಹೇಳಿದರೆ ಬೇಗ ಗೊತ್ತಾದೀತು. ಚೆಂಡೆಯವರನ್ನು ಎಷ್ಟು ಜನ ಬೇಕಾದರೂ ಕೂರಿಸಿ, ಭಾಗವತರು ಪದ ಎತ್ತದೆ ಕುಣಿತ ಸುರುವಾಗುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇಂಥ ಕೆಲಸ ಬಹಳ ಇದೆ. ಟೈಮ್‌ಲೈನ್ ಎಳೆಯುವುದು, ಆಂಗಲ್ ಬದಲಾಯಿಸುವುದು, ಎಷ್ಟೋ ಎಫೆಕ್ಟ್‌ಗಳು, ಎಲ್ಲ ಒಂದೆರಡು ಥ್ರೆಡ್‌ನ ಹಿಂದೆ ಸಾಲು ನಿಲ್ಲುತ್ತವೆ. ಹಾಗಾಗಿ ಆ ಒಂದು ಕೋರ್ ಎಷ್ಟು ಚುರುಕು ಅನ್ನುವುದೇ ಮುಖ್ಯ. ಇ5-2680 ವಿ4 ಬಂದದ್ದು 2016ರಲ್ಲಿ. ಅದರ ಮೂಲ ವೇಗ 2.4 ಗಿಗಾಹರ್ಟ್ಸ್, ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತು ಜೋರಾಗಿ ಓಡುವಾಗ, ಹೆಚ್ಚೆಂದರೆ 3.3. ಐ7-14700 ಬಂದದ್ದು 2024ರಲ್ಲಿ, ಟರ್ಬೊ 5.4ರವರೆಗೆ ಹೋಗುತ್ತದೆ. ಬರೀ ಗಿಗಾಹರ್ಟ್ಸ್ ಅಲ್ಲ, ಒಂದೊಂದು ಸುತ್ತಿನಲ್ಲಿ ಮಾಡುವ ಕೆಲಸವೂ ಈ ಎಂಟು ವರ್ಷದಲ್ಲಿ ಜಾಸ್ತಿಯಾಗಿದೆ. ಎರಡೂ ಸೇರಿ ಒಂದು ಕೋರ್‌ಗೆ ಒಂದು ಕೋರ್ ಹೋಲಿಸಿದರೆ ಹೊಸದು ದುಪ್ಪಟ್ಟಿಗಿಂತ ಮೇಲೆ. ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವ ಕೆಲಸದಲ್ಲೂ, ಒಳ್ಳೆ ಕೂಲರ್ ಹಾಕಿದ ಡೆಸ್ಕ್‌ಟಾಪನ್ನು ಆ ಹಳೆ ಜೋಡಿ ಹಿಂದೆ ಹಾಕುವುದು ಕಷ್ಟ.

ಇನ್ನೊಂದು ವಿಷಯ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಂದು ವರ್ಷದ ನಂತರ ನಾನು ಕ್ಯಾಮೆರಾ ಬದಲಾಯಿಸಿದೆ. ಹೊಸ ಕ್ಯಾಮೆರಾ ಎಚ್.265ರಲ್ಲಿ (ವಿಡಿಯೊವನ್ನು ಒತ್ತಿ ಸಣ್ಣದು ಮಾಡುವ ಒಂದು ವಿಧಾನ) 10 ಬಿಟ್ 4:2:2, ಅಂದರೆ ಬಣ್ಣದ ವಿವರ ಹೆಚ್ಚು ಉಳಿಯುವ ಹಾಗೆ, ರೆಕಾರ್ಡ್ ಮಾಡುತ್ತಿತ್ತು. ಬಣ್ಣದ ವೇಷದ ಮುಖದ ಕೆಂಪು, ಕಿರೀಟದ ಹೊಳಪು, ಹಿಂದಿನ ಕತ್ತಲೆ ಎಲ್ಲ ಒಂದೇ ಫ್ರೇಮ್‌ನಲ್ಲಿ ಹಿಡಿಯಬೇಕಾದವರಿಗೆ ಅದು ನಿಜವಾಗಿ ಬೇಕು. ನೀವೂ ಅದನ್ನೇ ಬಳಸುತ್ತಿರಬಹುದು, ಕ್ಯಾಮೆರಾದ ಮೆನುವಿನಲ್ಲಿ ಒಮ್ಮೆ ನೋಡಿ. ಆ ಫೈಲು ಹಾಕಿದಾಗ 56 ಚೌಕಗಳೂ ಮೇಲೆದ್ದವು, ಫ್ಯಾನ್ ಸದ್ದು ಪಕ್ಕದ ಕೋಣೆಗೆ ಕೇಳಿಸಿತು. ಆದರೂ ಮೂರು ಆಂಗಲ್ ಒಟ್ಟಿಗೆ ಓಡಲಿಲ್ಲ.

ಕಾರಣ ಏನೆಂದರೆ, ಒತ್ತಿ ಮಡಚಿಟ್ಟ ಆ ವಿಡಿಯೊವನ್ನು ಬಿಡಿಸಲು ಅಂತಲೇ ಚಿಪ್ ಒಳಗೆ ಒಂದು ಸಣ್ಣ ಭಾಗ ಇರಬೇಕು. ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್‌ನಲ್ಲಿ ಅದು ಗ್ರಾಫಿಕ್ಸ್ ಜೊತೆಗೇ ಬರುತ್ತದೆ, ಕ್ವಿಕ್ ಸಿಂಕ್ ಅಂತ ಹೆಸರು. ಝಿಯಾನ್ ಇ5ರಲ್ಲಿ ಗ್ರಾಫಿಕ್ಸೇ ಇಲ್ಲ, ಹಾಗಾಗಿ ಇದೂ ಇಲ್ಲ. "ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ" ಅನ್ನಬಹುದು ನೀವು. ನಿಮ್ಮ 4060, ಬಣ್ಣದ ವಿವರ ಕಡಿಮೆ ಇರುವ ಸಾಮಾನ್ಯ 4:2:0 ಫೈಲುಗಳನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ 4:2:2 ಅದಕ್ಕೆ ಬರುವುದಿಲ್ಲ. ಎನ್‌ವಿಡಿಯಾ ಅದನ್ನು ಕೊಟ್ಟದ್ದು 2025ರಲ್ಲಿ ಬಂದ 50ರ ಸರಣಿಯಿಂದ. ಐ7-14700 ಒಳಗಿನ ಗ್ರಾಫಿಕ್ಸ್, ಯುಎಚ್‌ಡಿ 770, ಎಚ್.265ರ 4:2:2 ಫೈಲನ್ನು ನೀರು ಕುಡಿದ ಹಾಗೆ ಬಿಡಿಸುತ್ತದೆ.

ಆದ್ದರಿಂದ ದಯವಿಟ್ಟು ಬಿಲ್ಲಿನಲ್ಲಿ ಹೆಸರು ಸರಿಯಾಗಿ ಓದಿ. 14700ಎಫ್ ಅಂತ ಇದ್ದರೆ ಬೇಡ. ಕೊನೆಯಲ್ಲಿ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದರ್ಥ. ಸ್ವಲ್ಪ ಕಡಿಮೆಗೆ ಬರುತ್ತದೆ, "ಹೇಗೂ ಕಾರ್ಡ್ ಉಂಟಲ್ಲ ಮಾರಾಯ್ರೆ" ಅಂತ ಅದನ್ನೇ ಹಾಕಿಕೊಡುತ್ತಾರೆ. ನಿಮ್ಮ ಕೆಲಸಕ್ಕೆ ಆ ಒಂದು ಅಕ್ಷರ ಬಹಳ ದುಬಾರಿ. ಇನ್ನು ಕಾರ್ಡ್ ಹಾಕಿದ ಮೇಲೆ ಕೆಲವು ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡುತ್ತವೆ. ಬಯಾಸ್‌ಗೆ (ಬೋರ್ಡ್‌ನ ಒಳಗಿನ ಸೆಟ್ಟಿಂಗ್) ಹೋಗಿ ಅದನ್ನು ಆನ್ ಮಾಡಿಸಿಕೊಳ್ಳಿ.

ಹಾಗಾದರೆ ವರ್ಕ್‌ಸ್ಟೇಷನ್ ಪ್ರೊಸೆಸರ್ ಯಾರಿಗೆ? ಅದು ಕೆಟ್ಟ ವಸ್ತು ಅಲ್ಲವೇ ಅಲ್ಲ. ನನ್ನ ಅಣ್ಣನ ಮಗಳು ಸುರತ್ಕಲ್‌ನಲ್ಲಿ ನೀರಿನ ಹರಿವಿನ ಸಿಮ್ಯುಲೇಷನ್ ಮಾಡುತ್ತಾಳೆ. ನನ್ನ ಆ ಹಳೆ ಪೆಟ್ಟಿಗೆ ಈಗ ಅವಳ ಹತ್ತಿರ ಇದೆ, ಅವಳಿಗೆ ಅದರ ಮೇಲೆ ತುಂಬ ಪ್ರೀತಿ. ಅವಳ ಲೆಕ್ಕಗಳು ಲಕ್ಷಗಟ್ಟಲೆ ಸಣ್ಣ ತುಂಡುಗಳಾಗಿ ಎಲ್ಲ ಕೋರ್‌ಗಳಿಗೂ ಹಂಚಿ ಹೋಗುತ್ತವೆ. ಅಲ್ಲಿ ಕೋರ್ ಕಾಯುವುದು ರ್ಯಾಮ್‌ಗೆ. ಎಷ್ಟು ಬೇಗ ಅಂಕಿಗಳು ರ್ಯಾಮ್‌ನಿಂದ ಬರುತ್ತವೆ ಅನ್ನುವುದೇ ವೇಗ. ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ರ್ಯಾಮ್‌ನ ಚಾನೆಲ್ (ಅಂಕಿಗಳು ಬರುವ ದಾರಿ) ಎರಡೇ, ಐ7-14700ಗೆ ಡಿಡಿಆರ್5-5600 ಹಾಕಿದರೆ ಸೆಕೆಂಡಿಗೆ 89.6 ಜಿಬಿ. ಆ ಹಳೆ ಝಿಯಾನ್‌ಗೆ ಒಂದೊಂದಕ್ಕೆ ನಾಲ್ಕು ಚಾನೆಲ್. ನಿಧಾನದ ಡಿಡಿಆರ್4-2400 ಆದರೂ ಒಂದಕ್ಕೆ 76.8, ಎರಡು ಸೇರಿ 153.6 ಜಿಬಿ. ನೋಡಿ, ಇಲ್ಲಿ 2016ರ ಯಂತ್ರ ಮುಂದೆ! ಹೊಸ ವರ್ಕ್‌ಸ್ಟೇಷನ್ ಚಿಪ್‌ಗಳು ಇನ್ನೂ ದೂರ ಹೋಗಿವೆ. ಎಎಂಡಿ ಕಂಪನಿಯ ಥ್ರೆಡ್‌ರಿಪ್ಪರ್ ಪ್ರೊ 7000 ಸರಣಿಯಲ್ಲಿ ಎಂಟು ಚಾನೆಲ್ ಇದೆ.

ಇಸಿಸಿ ರ್ಯಾಮ್, ಅಂದರೆ ಬಿಟ್‌ನ ತಪ್ಪನ್ನು ತಾನೇ ಹಿಡಿದು ತಿದ್ದುವ ರ್ಯಾಮ್, ಕೂಡ ಅವಳಿಗೆ ಬೇಕು. ನಾಲ್ಕು ದಿನ ಓಡುವ ಲೆಕ್ಕದ ನಡುವೆ ಎಲ್ಲೋ ಒಂದು ಬಿಟ್ ತಿರುಗಿ ಬಿದ್ದರೆ ಉತ್ತರವೇ ತಪ್ಪು, ಅದು ತಪ್ಪು ಅಂತ ಗೊತ್ತೂ ಆಗುವುದಿಲ್ಲ. ನಮ್ಮ ಕೆಲಸದಲ್ಲಿ ಅಂಥದ್ದಾದರೆ ಒಂದು ಫ್ರೇಮ್ ಕೆಡಬಹುದು, ಇಲ್ಲ ಸಾಫ್ಟ್‌ವೇರ್ ಮುಚ್ಚಿಹೋಗಬಹುದು. ಸೇವ್ ಮಾಡಿದ್ದರೆ ಮುಂದುವರಿಸಬಹುದು. ಇನ್ನು ನಾಲ್ಕು ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ವರ್ಕ್‌ಸ್ಟೇಷನ್‌ನ ಪಿಸಿಐಇ ಲೇನ್‌ಗಳು (ಕಾರ್ಡ್‌ಗಳಿಗೆ ಡೇಟಾ ಹೋಗುವ ದಾರಿಗಳು) ಬೇಕೇ ಬೇಕು. ನಿಮಗೆ ಒಂದು ಕಾರ್ಡ್, ಎರಡು ಮೂರು ಎಸ್‌ಎಸ್‌ಡಿ. ಡೆಸ್ಕ್‌ಟಾಪ್ ಬೋರ್ಡ್ ಧಾರಾಳ ಸಾಕು.

ನಮ್ಮ ಊರಿನ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇಟ್ಟು ನೋಡಿದ್ದೆ. ನನ್ನ ಹಳೆ ಪೆಟ್ಟಿಗೆ ಸುಮ್ನೆ ಆನ್ ಆಗಿ ಕೂತಾಗಲೇ 140 ವ್ಯಾಟ್ ಹತ್ತಿರ, ಈಗಿನ ಡೆಸ್ಕ್‌ಟಾಪ್ 60. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಅಂದರೆ ಹಳೆಯದಕ್ಕೆ 240 ಯೂನಿಟ್ ಹೆಚ್ಚು, ಬರೀ ಸುಮ್ನೆ ಕೂತದ್ದಕ್ಕೆ. ಎಕ್ಸ್‌ಪೋರ್ಟ್ ಹೊತ್ತಿನಲ್ಲಂತೂ 600 ವಿಎ ಯುಪಿಎಸ್‌ಗೆ ಅದನ್ನು ಹೊರಲು ಆಗಲಿಲ್ಲ. ಜುಲೈಯ ಒಂದು ಸಂಜೆ ಗುಡುಗಿಗೆ ಕರೆಂಟ್ ಹೋಗಿ ಬಂತು, ಪವರ್ ಸಪ್ಲೈ ಸತ್ತಿತು. ಬ್ರಾಂಡೆಡ್ ವರ್ಕ್‌ಸ್ಟೇಷನ್‌ಗಳ ಪವರ್ ಸಪ್ಲೈ, ಮದರ್‌ಬೋರ್ಡ್ ಎಷ್ಟೋ ಸಲ ಅವುಗಳದ್ದೇ ಅಳತೆಯವು. ಮಂಗಳೂರಿನ ಹಂಪನಕಟ್ಟೆ ಇಡೀ ಸುತ್ತಿದರೂ ಸಿಗಲಿಲ್ಲ. ಬೆಂಗಳೂರಿನಿಂದ ಬರಲು ಒಂಬತ್ತು ದಿನ. ಆ ಒಂಬತ್ತು ದಿನದಲ್ಲಿ ಒಂದು ಮದುವೆಯ ಮನೆಯವರಿಗೆ ನಾನು ಮೂರು ಸಲ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಮದುಮಗಳ ಅಣ್ಣ ದುಬೈಗೆ ವಾಪಸ್ ಹೋಗುವ ಮೊದಲು ವಿಡಿಯೊ ನೋಡಬೇಕಿತ್ತು, ಆಗಲಿಲ್ಲ. ಅದು ಇವತ್ತಿಗೂ ಬೇಸರ. ಡೆಸ್ಕ್‌ಟಾಪ್‌ನ ಸಾಮಾನ್ಯ ಪವರ್ ಸಪ್ಲೈ ಆಗಿದ್ದರೆ ಅದೇ ದಿನ ಹೊಸದು ತಂದು ಸಿಕ್ಕಿಸಬಹುದಿತ್ತು.

ಮತ್ತೆ ವಿಂಡೋಸ್. ಆ ಕಾಲದ ಝಿಯಾನ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸುತ್ತು ದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ಆದರೆ ಗಿರಾಕಿಗಳ ಮದುವೆ ಫೈಲು ಇಡುವ ಯಂತ್ರಕ್ಕೆ ಅದು ನನಗೆ ಒಪ್ಪಿಗೆ ಇಲ್ಲ.

ಡೆಸ್ಕ್‌ಟಾಪ್ ಅಂತ ನಿರ್ಧಾರ ಮಾಡಿದರೆ ಕೆಲವು ಮಾತು. 32 ಜಿಬಿ ಮೂರು ಕ್ಯಾಮೆರಾಗೆ ಬಿಗಿಯಾಗುತ್ತದೆ, 64 ಮಾಡಿಸಿ. 32ರ ಎರಡು ಸ್ಟಿಕ್ ಹಾಕಿಸಿ, 16ರ ನಾಲ್ಕು ಬೇಡ. ನಾಲ್ಕೂ ತುಂಬಿದರೆ ಡಿಡಿಆರ್5 ವೇಗ ಇಳಿಯುತ್ತದೆ. ಕೂಲರ್‌ನಲ್ಲಿ ಉಳಿತಾಯ ಮಾಡಬೇಡಿ. 14700ರ ಮೇಲೆ 65 ವ್ಯಾಟ್ ಅಂತ ಬರೆದಿರುತ್ತದೆ, ಆದರೆ ಟರ್ಬೊದಲ್ಲಿ 219ರವರೆಗೆ ಎಳೆಯುತ್ತದೆ. ಪೆಟ್ಟಿಗೆಯಲ್ಲಿ ಬರುವ ಸಣ್ಣ ಫ್ಯಾನ್ ನಮ್ಮ ಮೇ ತಿಂಗಳ ಸೆಖೆಗೆ ಸಾಲದು.

ಇಂಟೆಲ್‌ನ 13, 14ನೇ ತಲೆಮಾರಿನ ಚಿಪ್‌ಗಳಲ್ಲಿ ಒಂದು ತೊಂದರೆ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ವೋಲ್ಟೇಜ್ ಜಾಸ್ತಿ ಹೋಗಿ ಕೆಲವು ಚಿಪ್‌ಗಳು ಕಾಲಕ್ರಮೇಣ ಅಸ್ಥಿರವಾದವು. 2024ರ ಆಗಸ್ಟ್‌ನಿಂದ ಇಂಟೆಲ್ ಅದಕ್ಕೆ ಮೈಕ್ರೋಕೋಡ್ (ಚಿಪ್ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟಿತು, ಬಾಕ್ಸ್‌ನಲ್ಲಿ ಬರುವ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹಾಗಾಗಿ ಬಾಕ್ಸ್ ಪ್ಯಾಕೇ ಕೇಳಿ. ಅಂಗಡಿಯಲ್ಲಿ ನಿಮ್ಮ ಎದುರೇ ಬಯಾಸ್ ಅಪ್‌ಡೇಟ್ ಮಾಡಿಸಿ, ಆಮೇಲೆ ವಿಂಡೋಸ್ ಹಾಕಿಸಿ.

ಎಎಂಡಿಯ ರೈಜನ್ ಪ್ರೊಸೆಸರ್ ಬಗ್ಗೆಯೂ ಯಾರಾದರೂ ಹೇಳುತ್ತಾರೆ. 9950ಎಕ್ಸ್ 16 ದೊಡ್ಡ ಕೋರ್‌ಗಳ ಅದ್ಭುತ ಚಿಪ್, ಅದರ ಸಾಕೆಟ್‌ಗೆ ಮುಂದೆಯೂ ಹೊಸ ಪ್ರೊಸೆಸರ್ ಹಾಕಬಹುದು. ಆದರೆ ಅದರ ಒಳಗಿನ ಗ್ರಾಫಿಕ್ಸ್ 4:2:2 ಬಿಡಿಸುವುದಿಲ್ಲ. ನಿಮ್ಮ ಕ್ಯಾಮೆರಾ 4:2:0 ಆದರೆ ಮಾತ್ರ ಆ ಕಡೆ ನೋಡಿ.

ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ನಿಮ್ಮದೇ ಒಂದು ಆಟದ ಹತ್ತು ನಿಮಿಷ ತೆಗೆದುಕೊಳ್ಳಿ, ಮೂರೂ ಕ್ಯಾಮೆರಾದ್ದು. ಕಷ್ಟದ ಭಾಗವೇ ಆಗಲಿ, ಬಣ್ಣದ ವೇಷದ ಪ್ರವೇಶ ಇದ್ದರೆ ಒಳ್ಳೆಯದು, ಬೆಂಕಿ, ಹೊಗೆ, ರಾಳದ ಪುಡಿ ಎಲ್ಲ ಇರುತ್ತದಲ್ವಾ. ಅದನ್ನು ಎಸ್‌ಎಸ್‌ಡಿಗೆ ಹಾಕಿ ಅಂಗಡಿಗೆ ಒಯ್ಯಿರಿ. ನಿಮ್ಮ ಕಾರ್ಡನ್ನೂ ಒಯ್ಯಿರಿ. ಎರಡೂ ಯಂತ್ರದಲ್ಲಿ ನೀವು ಬಳಸುವ ಸಾಫ್ಟ್‌ವೇರ್‌ನಲ್ಲೇ ಮೂರು ಆಂಗಲ್ ಓಡಿಸಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಸಿಪಿಯು ಚೌಕಗಳನ್ನು ನೋಡಿ, ಜಿಪಿಯು ಪುಟದಲ್ಲಿ ವಿಡಿಯೊ ಡಿಕೋಡ್ ಅನ್ನುವ ಗ್ರಾಫನ್ನೂ ನೋಡಿ. ಇಷ್ಟು ಮಾಡಲು ಬಿಡದ ಅಂಗಡಿಯಿಂದ ಏನೂ ಕೊಳ್ಳಬೇಡಿ.

ಹಳೆಯದರ ಹಿಂದಿನ ಸ್ಕ್ರೂಗಳ ಮೇಲೂ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕಡಲ ಗಾಳಿಯಲ್ಲಿ ಇದ್ದ ಯಂತ್ರವಾದರೆ ಮೊದಲು ಕಂದು ಬಣ್ಣಕ್ಕೆ ತಿರುಗುವುದು ಅವೇ.

ಪರೀಕ್ಷೆ ಮಾಡಿದ ಮೇಲೆ ಕ್ಯಾಮೆರಾದ ಮಾಡೆಲ್ ಮತ್ತು ಆ ಚೌಕಗಳ ಫೋಟೊ ಇಲ್ಲಿ ಹಾಕಿ. ರಾತ್ರಿ ಕೆಲಸ ಮುಗಿದ ಮೇಲೆ ನೋಡಿ ಹೇಳುತ್ತೇನೆ.