ಈ ಕಾದಂಬರಿಗೆ ರಿಯಾಯಿತಿ ಬೇಡ

ಗಂಗಾವತಿಯಿಂದ ಬಂದ ಪತ್ರದ ಸಾರ ಇಷ್ಟು: "ನನ್ನ ಮೆಚ್ಚಿನ ಲೇಖಕಿಯ ಹೊಸ ಇಂಗ್ಲಿಷ್ ಕಾದಂಬರಿಗಾಗಿ ತುಂಬಾ ಕಾದಿದ್ದೆ. ಬಾಹ್ಯಾಕಾಶ, ಮಂತ್ರವಿದ್ಯೆ, ಪ್ರೀತಿಸುವ ಇಬ್ಬರು ಹೆಂಗಸರು. ನನಗಾಗಿಯೇ ಬರೆದ ಹಾಗಿತ್ತು. ಓದಿದರೆ ಒಂದು ಪುಟವೂ ಮನಸ್ಸಿಗೆ ಹತ್ತಲಿಲ್ಲ. ಚೆನ್ನಾಗಿಲ್ಲ ಅಂತ ಬರೆದರೆ, ಇಂಥ ಕ್ವಿಯರ್ ಕಥೆಗಳೇ ಬೇಡ ಅನ್ನುವವರ ಕೈಗೆ ಕೋಲು ಕೊಟ್ಟ ಹಾಗಾಗುತ್ತದೆ. ಸುಮ್ಮನಿರಲಾ? ಎರಡನೇ ಭಾಗ ಬರುತ್ತದಂತೆ, ಅದನ್ನು ಓದಲಾ? ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಸುಮ್ಮನಿರಬೇಡಿ, ಬರೆಯಿರಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಯಾಕೆ ಅನ್ನುವುದು ಆಮೇಲೆ.

ನಿಮ್ಮ ಪತ್ರ ಬಂದ ಮೇಲೆ ನಾನೂ ಆ ಪುಸ್ತಕ ತರಿಸಿ ಓದಿದೆ. ಅದರ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ, ನಿಮ್ಮ ವಿಮರ್ಶೆಯ ಜೊತೆಗೇ ಬರಲಿ ಅಂತ. ತಪ್ಪು ನಿಮ್ಮ ಓದಿನಲ್ಲಿಲ್ಲ. ಬಾಹ್ಯಾಕಾಶದ ಹಡಗು ಸೀಳುವ ಅಧ್ಯಾಯವನ್ನೇ ತಗೊಳ್ಳಿ. ಗೋಡೆ ಬಿರಿದು ಗಾಳಿ ಹೊರಗೆ ನುಗ್ಗುತ್ತಿದೆ. ಹಡಗು ನಡೆಸುವವಳ ಎರಡೂ ಅಂಗೈ ಸುಟ್ಟಿವೆ. ಮಂತ್ರ ಬಲ್ಲವಳು ಓಡಿ ಬರುತ್ತಾಳೆ. ಬಂದವಳು ಆ ಕೈ ಹಿಡಿದು ನೋಡುವುದೂ ಇಲ್ಲ. ಒಬ್ಬರ ಆಯ್ಕೆಯನ್ನು ಇನ್ನೊಬ್ಬರು ಎಷ್ಟು ಗೌರವಿಸುತ್ತಾರೆ ಅಂತ ಇಬ್ಬರೂ ನಾಲ್ಕು ಪುಟ ಮಾತಾಡುತ್ತಾರೆ. ಮಾತು ಮುಗಿಯುವಷ್ಟರಲ್ಲಿ ಒಂದು ಮಂತ್ರಕ್ಕೆ ಗೋಡೆ ಕೂಡಿಕೊಂಡಿರುತ್ತದೆ. ಆ ಮಂತ್ರಕ್ಕಾಗಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಸುಟ್ಟ ಅಂಗೈಯ ಸುದ್ದಿಯೇ ಇಲ್ಲ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅದಕ್ಕೇ. ಪ್ರೀತಿಸುವವರು ಮೊದಲು ನೋಡುವುದು ಗಾಯವನ್ನಲ್ವಾ?

ಈ ಲೇಖಕಿ ಹಿಂದೆ ಹೀಗೆ ಬರೆದವರಲ್ಲ. ಅವರ ಮೊದಲ ಕಾದಂಬರಿಯ ಅಕ್ಕತಂಗಿಯರನ್ನು ನೀವೇ ನೆನೆದಿದ್ದೀರಿ. ಇಬ್ಬರಿಗೂ ಮಾತಿಲ್ಲ. ತಂಗಿ ಹಡಗಿನಿಂದ ಹೊರಗೆ ಹೋಗುವ ಮುಂಚೆ ಅಕ್ಕ ಅವಳ ಹೆಲ್ಮೆಟ್ಟಿನ ಕೊಂಡಿಯನ್ನು ಎರಡು ಸಲ ಎಳೆದು ನೋಡುತ್ತಾಳೆ. ಮುಖ ಮಾತ್ರ ನೋಡುವುದಿಲ್ಲ. ಅಷ್ಟೇ. ಅದನ್ನು ಬರೆದವರು ಇದನ್ನು ಬರೆದರಲ್ಲ ಅಂತ ನನಗೂ ಸಂಕಟವಾಯಿತು.

ನೀವು ಒಂದು ಕಾರಣ ಊಹಿಸಿದ್ದೀರಿ. ಆ ಲೋಕದಲ್ಲಿ ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ, ಅಡ್ಡಿಯೇ ಇಲ್ಲದ ಮೇಲೆ ಕಥೆ ಎಲ್ಲಿಂದ ಬರಬೇಕು ಅಂತ. ಇದನ್ನು ನಾನು ಒಪ್ಪುವುದಿಲ್ಲ. ಆರ್ಕಡಿ ಮಾರ್ಟೀನ್ ಅವರ 'ಎ ಮೆಮೊರಿ ಕಾಲ್ಡ್ ಎಂಪೈರ್' ಓದಿ ನೋಡಿ. 2019ರಲ್ಲಿ ಬಂತು, ಮರುವರ್ಷ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. ಅಲ್ಲೂ ಇಬ್ಬರು ಹೆಂಗಸರ ಪ್ರೀತಿಗೆ ಯಾರ ತಕರಾರೂ ಇಲ್ಲ. ಆದರೆ ಒಬ್ಬಳು ದೊಡ್ಡ ಸಾಮ್ರಾಜ್ಯದ ಅಧಿಕಾರಿ. ಇನ್ನೊಬ್ಬಳು ಪುಟ್ಟ ನಿಲ್ದಾಣವೊಂದರ ರಾಯಭಾರಿ. ಆ ನಿಲ್ದಾಣವನ್ನು ಸಾಮ್ರಾಜ್ಯ ಯಾವಾಗ ಬೇಕಾದರೂ ನುಂಗಬಹುದು. ಆ ರಾಯಭಾರಿಯೋ ಚಿಕ್ಕಂದಿನಿಂದ ಅದೇ ಸಾಮ್ರಾಜ್ಯದ ಕಾವ್ಯಕ್ಕೆ ಮನಸೋತವಳು. ಎದುರಿನವಳು ತನ್ನನ್ನು ಪ್ರೀತಿಸುತ್ತಿದ್ದಾಳಾ, ಇಲ್ಲಾ ಕಾಡು ಜನರಲ್ಲಿ ಇವಳೊಬ್ಬಳು ಪರವಾಗಿಲ್ಲ ಅಂತ ಮೆಚ್ಚುತ್ತಿದ್ದಾಳಾ? ಈ ಅನುಮಾನ ಅವಳನ್ನು ಬಿಡುವುದಿಲ್ಲ. ರಾಯಚೂರು, ಕೊಪ್ಪಳದ ಮಾತನ್ನು ಊರಲ್ಲೇ ಬಿಟ್ಟು ಬೆಂಗಳೂರಿನ ಆಫೀಸಿಗೆ ಸೇರಿದ ನಮ್ಮ ಹುಡುಗರಿಗೆ ಆ ಅನುಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಥೆಗೆ ಅಡ್ಡಿ ಬೇಕು, ನಿಜ. ಅದು ಊರವರ ಬೈಗುಳವೇ ಆಗಬೇಕಿಲ್ಲ.

ನನಗೆ ಕಂಡ ಕಾರಣ ಬೇರೆ. ಅದನ್ನು ನಿಮ್ಮ ಜಿಲ್ಲೆಯಲ್ಲೇ ತೋರಿಸಬಹುದು. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ಹೋದವರು ಜೋಗಪ್ಪನ, ಅಂದರೆ ಗಂಡಾಗಿ ಹುಟ್ಟಿ ಹೆಣ್ಣುಡುಗೆಯಲ್ಲಿ ದೇವಿಯ ಸೇವೆಗೆ ನಿಂತವರ, ಕಾಲಿಗೆ ಬೀಳುತ್ತಾರೆ. ಚೌಡಿಕೆ ಸದ್ದು ಕೇಳಿದರೆ ದಾರಿ ಬಿಡುತ್ತಾರೆ. ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಅದೇ ಜೋಗಪ್ಪ ಮರುದಿನ ಬಾಡಿಗೆ ಮನೆ ಕೇಳಿಕೊಂಡು ಬಂದರೆ ಮನೆ ಖಾಲಿ ಇರುವುದಿಲ್ಲ. ಈ ಕಾದಂಬರಿ ತನ್ನ ಇಬ್ಬರು ನಾಯಕಿಯರಿಗೆ ಮಾಡಿದ್ದೂ ಅದನ್ನೇ. ಗದ್ದುಗೆ ಮೇಲೆ ಕೂರಿಸಿ ಕೈಮುಗಿದಿದೆ, ಮನೆಯೊಳಗೆ ಬಿಟ್ಟುಕೊಂಡಿಲ್ಲ. ಅವರಿಗೆ ಹೊಟ್ಟೆಕಿಚ್ಚಿಲ್ಲ, ಸಣ್ಣತನವಿಲ್ಲ, ಹಸಿವು ನಿದ್ದೆಯೂ ಇದ್ದಂತಿಲ್ಲ. ಲೇಖಕಿ ಹೆದರಿದ್ದಾರೆ ಅನ್ನಿಸುತ್ತದೆ. ಇವರಲ್ಲಿ ಒಂದು ಕೆಟ್ಟ ಗುಣ ತೋರಿಸಿದರೆ, ಇಂಥವರೆಲ್ಲ ಹೀಗೇ ಅಂತ ಜನ ಅಂದುಬಿಟ್ಟಾರು ಎಂಬ ಹೆದರಿಕೆ. ನಿಮ್ಮ ಭಯವೂ ಅದರ ಬಳಗದ್ದೇ.

ಸಂಡೂರಿನ ವಸುಧೇಂದ್ರ ಅವರಿಗೆ ಹಾಗೆ ಹೆದರಲು ಇನ್ನೂ ದೊಡ್ಡ ಕಾರಣವಿತ್ತು. ಸಲಿಂಗಿ ಯುವಕನೊಬ್ಬನ ಕಥೆಗಳ ಅವರ ಸಂಕಲನ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಮನ್ನು ಮತ್ತೆ ಎತ್ತಿಹಿಡಿಯಿತು. ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬರಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ಅಂಥ ಹೊತ್ತಿನಲ್ಲೂ ಅವರು ಮೋಹನಸ್ವಾಮಿಯನ್ನು ಒಳ್ಳೆಯತನದ ಗೊಂಬೆ ಮಾಡಲಿಲ್ಲ. ಅವನು ಅಂಜುತ್ತಾನೆ. ಮತ್ಸರ ಪಡುತ್ತಾನೆ. ತಾನು ಪ್ರೀತಿಸಿದ ಕಾರ್ತಿಕ್ ಮದುವೆಗೆ ಹೊರಟಾಗ ಒಳಗೊಳಗೇ ಬೇಯುತ್ತಾನೆ. ಬಳ್ಳಾರಿಯ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವನ ಹಾಗೆ ಅವನು ನನಗೆ ಪರಿಚಿತ.

ಓದುಗರು ಬಾಯಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರನ್ನು ನೋಡಿ. 1969ರ 'ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಕಾದಂಬರಿಗೆ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದವು. ಅದರಲ್ಲಿನ ಗೆಥೆನ್ ಎಂಬ ಹಿಮಗ್ರಹದ ಜನ ತಿಂಗಳಲ್ಲಿ ಕೆಲವೇ ದಿನ ಗಂಡೋ ಹೆಣ್ಣೋ ಆಗುತ್ತಾರೆ, ಉಳಿದಂತೆ ಎರಡೂ ಅಲ್ಲ. ಹಾಗಿದ್ದೂ ಪುಸ್ತಕದ ಉದ್ದಕ್ಕೂ ಅವರೆಲ್ಲ 'ಅವನು'. ಕೂಡುವಾಗ ಒಬ್ಬರು ಗಂಡು, ಒಬ್ಬರು ಹೆಣ್ಣು ಆಗಲೇಬೇಕು. ಪುಸ್ತಕವನ್ನು ಪ್ರೀತಿಸಿದವರೇ ಇದು ಸಾಲದು ಅಂದರು. 1976ರ ಪ್ರಬಂಧದಲ್ಲಿ ಲೆ ಗ್ವಿನ್ ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಂಡರು. ಎಂಬತ್ತರ ದಶಕದ ಕೊನೆಗೆ ಅದೇ ಪ್ರಬಂಧಕ್ಕೆ ತಾವೇ ತಿದ್ದುಪಡಿ ಬರೆದರು. ಸಲಿಂಗ ಪ್ರೀತಿಯನ್ನು ಕಾರಣವಿಲ್ಲದೆ ಹೊರಗಿಟ್ಟೆ ಅಂತ ಒಪ್ಪಿಕೊಂಡರು. 1995ರಲ್ಲಿ ಮತ್ತೆ ಆ ಗ್ರಹಕ್ಕೆ ಹೋಗಿ ಒಂದು ಕಥೆ ಬರೆದರು. ಆ ಸಲ ಮೊದಲ ಪುಸ್ತಕದ ಹಾಗೆ ಹೊರಗಿನಿಂದ ಬಂದ ಗಂಡಸು ಕಥೆ ಹೇಳುವುದಿಲ್ಲ, ಅಲ್ಲೇ ಹುಟ್ಟಿ ಬೆಳೆದ ಜೀವ ಹೇಳುತ್ತದೆ. ಗೌರವಕ್ಕೆ ಅಂತ ಓದುಗರು ಸುಮ್ಮನಿದ್ದಿದ್ದರೆ ಆ ತಿದ್ದುಪಡಿ ಬರುತ್ತಿತ್ತೇ?

ಇನ್ನು ಕೋಲಿನ ಮಾತು. ಬೈಯುವವರಿಗೆ ನಿಮ್ಮ ಕೋಲು ಬೇಕಾಗಿಲ್ಲ. ಪುಸ್ತಕ ಚೆನ್ನಾಗಿದ್ದರೂ ಬೈಯುತ್ತಾರೆ, ಓದದೆಯೇ ಬೈಯುತ್ತಾರೆ. ನೀವು ಬರೆಯಬೇಕಾದದ್ದು ಅವರಿಗಲ್ಲ. ಕಾರಟಗಿಯಲ್ಲೋ ಸಿಂಧನೂರಿನಲ್ಲೋ ಒಬ್ಬಳು ಹುಡುಗಿ ಇಂಥ ಪುಸ್ತಕವನ್ನು ಮೊದಲ ಸಲ ಹುಡುಕುತ್ತಿರಬಹುದು. ನೀವು ಸುಮ್ನೆ ಹೊಗಳಿದರೆ ಅವಳು ದುಡ್ಡು ಕೂಡಿಸಿ ಇದನ್ನೇ ಕೊಳ್ಳುತ್ತಾಳೆ. ತನ್ನಂಥವರ ಕಥೆ ಅಂದರೆ ಇಷ್ಟೇ ಸಪ್ಪೆ ಅಂದುಕೊಂಡು ಮತ್ತೆ ಹುಡುಕದೇ ಹೋಗಬಹುದು. ಅವಳಿಗೆ ನಿಜ ಹೇಳಿ. ಜೊತೆಗೆ ಆ ಹಳೆಯ ಕಾದಂಬರಿಯ ಹೆಸರನ್ನೂ ಹೇಳಿ.

ಎರಡನೇ ಭಾಗವನ್ನು ಕೊಳ್ಳುವ ಅವಸರ ಬೇಡ. ಯಾರಾದರೂ ತರಿಸಿದರೆ ಇಸಕೊಂಡು ಮೊದಲ ಐವತ್ತು ಪುಟ ಓದಿ. ಇಬ್ಬರಲ್ಲಿ ಒಬ್ಬಳಾದರೂ ಜಗಳ ಆಡಿದ್ದರೆ, ಸುಳ್ಳು ಹೇಳಿದ್ದರೆ, ತಪ್ಪು ಮಾಡಿ ಅದಕ್ಕೆ ತಕ್ಕ ನಷ್ಟ ಅನುಭವಿಸಿದ್ದರೆ ಮುಂದುವರಿಸಿ. ಇಲ್ಲದಿದ್ದರೆ ವಾಪಸ್ ಕೊಟ್ಟುಬಿಡಿ. ಒಂದು ಪುಸ್ತಕಕ್ಕಾಗಿ ಲೇಖಕಿಯನ್ನೇ ಬಿಡಬೇಕಾಗಿಲ್ಲ.

ವಿಮರ್ಶೆ ಎಂಟುನೂರು ಪದದೊಳಗಿರಲಿ. ಹಡಗಿನ ಅಧ್ಯಾಯ, ಹೆಲ್ಮೆಟ್ಟಿನ ಕೊಂಡಿ ಎರಡೂ ಬೇಕು. ಲೇಖಕಿಯ ಉದ್ದೇಶ ಒಳ್ಳೆಯದು ಅನ್ನುವ ಸಾಲಿನಿಂದ ಶುರು ಮಾಡಬೇಡಿ, ಪುಸ್ತಕದಿಂದಲೇ ಶುರು ಮಾಡಿ. ಹೆಸರಿನ ಬದಲು 'ಗಂಗಾವತಿಯ ಓದುಗ' ಅಂತ ಹಾಕುತ್ತೇವೆ, ಅದೂ ಬೇಡವಾದರೆ ತಿಳಿಸಿ. ಮುಂದಿನ ತಿಂಗಳ 10ರೊಳಗೆ ಕೈಸೇರಿದರೆ ಅದೇ ಸಂಚಿಕೆಗೆ ತಗೊಳ್ಳುತ್ತೇವೆ.